ದೇವಿಮನೆ ಘಟ್ಟಕ್ಕೆ ಎಂತಾ ಟ್ಯೂನ್ ಬೇಕು?

ಏಪ್ರಿಲ್ ತಿಂಗಳ ಮಧ್ಯಾಹ್ನ. ಎಸಿ ಫುಲ್, ಗಾಡಿಯಲ್ಲಿ ನಾವು ನಾಲ್ಕು ಜನ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಲು ಶುರು ಮಾಡಿದೆ. ಮುಂದೆ ಒಂದು ಜಲ್ಲಿ ಲಾರಿ, ಅದರ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಾ ಹತ್ತು ನಿಮಿಷ. ನೇರ ರಸ್ತೆ ಸಿಕ್ಕಿತು ಅಂತ ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಂದೆ ಹೋಗಲೇ ಇಲ್ಲ. ಹೋಯಿತು, ಆದರೆ ಟ್ಯೂನ್ (ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ ಬಲ ಏರಿಸುವುದು) ಮಾಡಿಸುವ ಮೊದಲು ಎಷ್ಟು ಹೋಗುತ್ತಿತ್ತೋ ಅದಕ್ಕಿಂತಲೂ ಕಮ್ಮಿ. ಲಾರಿಯ ಪಕ್ಕದಲ್ಲೇ ಇದ್ದೆ, ಎದುರಿನ ತಿರುವು ಹತ್ತಿರ ಬರುತ್ತಿತ್ತು. ಬ್ರೇಕ್ ಹಾಕಿ ಮತ್ತೆ ಹಿಂದೆ ಸೇರಿಕೊಂಡೆ. ಹಿಂದಿನ ಸೀಟಿನಲ್ಲಿದ್ದ ಅಪ್ಪ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೇ ಸಮಾಧಾನವಾಗುತ್ತಿತ್ತು.

ನನ್ನದು 2020ರ ಫೋಕ್ಸ್‌ವ್ಯಾಗನ್ ಪೋಲೋ, 1.0 ಟಿಎಸ್‌ಐ (ಟರ್ಬೋ ಇರುವ ಒಂದು ಲೀಟರ್ ಪೆಟ್ರೋಲ್ ಎಂಜಿನ್), ಆರು ಗೇರಿನ ಮ್ಯಾನುಯಲ್. ಕಂಪನಿ ಕೊಟ್ಟಿದ್ದು 110 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಮನೆ ಕುಮಟಾದಲ್ಲಿ, ಕೆಲಸ ಶಿರಸಿಯಲ್ಲಿ. ಒಂದು ಬದಿಗೆ ಸುಮಾರು 60 ಕಿಲೋಮೀಟರ್, ಅದರ ಮಧ್ಯೆ ಘಟ್ಟ. ವಾರಂಟಿ ಮುಗಿದ ಮೇಲೆ, ಪಕ್ಕದ ಜಿಲ್ಲೆಯ ದೊಡ್ಡ ಊರೊಂದರಲ್ಲಿ ಒಬ್ಬರ ಹತ್ತಿರ ಸ್ಟೇಜ್ 1 (ಭಾಗ ಬದಲಿಸದೆ ಬರೀ ಫೈಲ್ ಬದಲಿಸುವ ಟ್ಯೂನ್) ಮಾಡಿಸಿದೆ. ಮುಕ್ಕಾಲು ಗಂಟೆಯ ಕೆಲಸ. ಓಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರಿಗೆ ಸಂಪರ್ಕ ಕೊಡುವ ಜಾಗಕ್ಕೆ, ವೈರ್ ಹಾಕಿದರು, ಹೊಸ ಲೆಕ್ಕದ ಫೈಲ್ ಬರೆದರು, 135 ಪಿಎಸ್, 230 ಎನ್‌ಎಂ ಅಂತ ಒಂದು ಕಾಗದ ಕೊಟ್ಟರು. ನಾನು ಯಾವ ರಸ್ತೆಯಲ್ಲಿ ಓಡಿಸುತ್ತೇನೆ, ಯಾವ ಪೆಟ್ರೋಲ್ ಹಾಕುತ್ತೇನೆ ಅಂತ ಅವರು ಕೇಳಲಿಲ್ಲ. ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ವಾಪಸ್ ಬರುವಾಗ, ರಾತ್ರಿಯ ತಂಪಿನಲ್ಲಿ, ಹೆದ್ದಾರಿಯ ಮೇಲೆ, ಗಾಡಿ ಹಾರಿಕೊಂಡು ಬಂತು. ಅದಕ್ಕೇ ಮರುಳಾದೆ.

ಘಟ್ಟದಲ್ಲಿ ಏನಾಯಿತು ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು. ಗೆಳೆಯನ ಹತ್ತಿರ ವಿಸಿಡಿಎಸ್ ಕೇಬಲ್ (ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಕೇಬಲ್) ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಘಟ್ಟ, ಅದೇ ಹೊತ್ತಿನಲ್ಲಿ ಹತ್ತಿದೆ. ಕೆಳಗೆ ಹೊರಟಾಗ ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಸರಿಯಾಗೇ ಇತ್ತು. ಲಾರಿ ಹಿಂದೆ ತೆವಳಿದ ಮೇಲೆ ಅದು ಏರುತ್ತಲೇ ಹೋಯಿತು. ಈ ಎಂಜಿನ್ನಿನಲ್ಲಿ ಇಂಟರ್‌ಕೂಲರ್ (ಟರ್ಬೋ ಒತ್ತಿ ಕಳಿಸಿದ ಗಾಳಿಯನ್ನು ತಂಪು ಮಾಡುವ ಭಾಗ) ಮುಂದಿನ ಬಂಪರ್ ಹಿಂದೆ ಇಲ್ಲ, ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಒಳಗೇ ಇದೆ. ಅದನ್ನು ತಂಪು ಮಾಡುವುದು ನೀರು. ಊರೊಳಗಿನ ಓಡಾಟಕ್ಕೆ ಇದು ಒಳ್ಳೆಯ ಏರ್ಪಾಡು, ಟರ್ಬೋ ಬೇಗ ಎಚ್ಚರಾಗುತ್ತದೆ. ಆದರೆ ಆ ನೀರೇ ಒಮ್ಮೆ ಕಾದರೆ, ಗಾಡಿ ನಿಧಾನ ಹೋಗುವಾಗ ರೇಡಿಯೇಟರಿಗೆ ಗಾಳಿಯೂ ಸಾಕಾಗದೆ, ಬೇಗ ಆರುವುದಿಲ್ಲ. ಮೇಲಿಂದ ನನ್ನ ಫೈಲು ಟರ್ಬೋಗೆ ಇನ್ನೂ ಜಾಸ್ತಿ ಒತ್ತು ಅನ್ನುತ್ತಿತ್ತು. ಗಾಳಿಯನ್ನು ಒತ್ತಿದಷ್ಟೂ ಅದು ಬಿಸಿಯಾಗುತ್ತದೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು.

ಬಿಸಿ ಗಾಳಿ, ಸಾದಾ ಪೆಟ್ರೋಲ್, ಜಾಸ್ತಿ ಬೂಸ್ಟ್ (ಟರ್ಬೋದ ಒತ್ತಡ). ಮೂರೂ ಸೇರಿದರೆ ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಹೊತ್ತಿಕೊಂಡು ಎಂಜಿನ್ ಒಳಗೆ ಬಡಿಯುವುದು. ಎಂಜಿನ್ ಮೇಲಿರುವ ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಳ್ಳುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕಿಡಿ ಹಾರಿಸುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಕೇಬಲ್ ಹಾಕಿ ದಾಖಲಿಸಿದ ಲಾಗ್‌ನಲ್ಲಿ ಒಂದು ಸಿಲಿಂಡರ್ 7 ಡಿಗ್ರಿಯವರೆಗೆ ಹಿಂದೆ ಹೋಗಿತ್ತು. ಅಷ್ಟು ಹಿಂದೆ ಹೋದರೆ ಬಲ ಉಳಿಯುವುದಿಲ್ಲ. ಉರಿ ತಡವಾಗುವುದರಿಂದ ಹೊಗೆಯ ಕಡೆ ಬಿಸಿ ಜಾಸ್ತಿಯಾಗುತ್ತದೆ, ಟರ್ಬೋ ಇನ್ನೂ ಬಿಸಿಯಾಗುತ್ತದೆ. ಕಾಗದದ ಮೇಲಿನ 135 ಅಲ್ಲಿ ಎಲ್ಲಿಯೂ ಇರಲಿಲ್ಲ. ಆ ಫೈಲನ್ನು ಬರೆದದ್ದು 95 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಲೆಕ್ಕದಲ್ಲಿ ಅಂತ ಆಮೇಲೆ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಆಗ ನಮ್ಮ ಕಡೆ ಎಲ್ಲ ಬಂಕಿನಲ್ಲೂ ಅದು ಸಿಗುತ್ತಿರಲಿಲ್ಲ. ಸಿಕ್ಕಿದರೂ ದಿನಕ್ಕೆ 120 ಕಿಲೋಮೀಟರ್ ಓಡುವ ಗಾಡಿಗೆ ಅದನ್ನೇ ಹಾಕುತ್ತಾ ಹೋಗುವುದು ನನ್ನ ಸಂಬಳಕ್ಕೆ ಭಾರವಾಗುತ್ತಿತ್ತು.

ಇದನ್ನೆಲ್ಲ ಕುಮಟಾದ ನಮ್ಮ ಮೆಕ್ಯಾನಿಕ್ ಹತ್ತಿರ ಹೇಳಿದೆ. ಅವರು ಟ್ಯೂನಿಂಗ್ ಮಾಡುವವರಲ್ಲ. ಪೂರ್ತಿ ಕೇಳಿ, "ಭಟ್ರೇ, ಮೊದ್ಲು ಕ್ಲಚ್ ನೋಡ್ವ. ಉಳಿದದ್ದು ಆಮೇಲೆ" ಅಂದರು. ನೋಡಿದರೆ ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಸ್ಲಿಪ್ ಶುರುವಾಗಿತ್ತು. ಈ ಗಾಡಿಯ ಗೇರ್‌ಬಾಕ್ಸಿನ ಹೆಸರು ಎಂಕ್ಯೂ200. ಆ 200 ಅಂದರೆ ಅದನ್ನು ಯಾವ ಟಾರ್ಕಿಗೆ ಅಂತ ಮಾಡಿದ್ದಾರೋ ಆ ಲೆಕ್ಕ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, 230 ಹಾಕಿಸಿಕೊಂಡು ಆರು ತಿಂಗಳು ಓಡಿಸಿದ್ದೆ.

ಸ್ಟಾಕ್ ಫೈಲಿಗೆ, ಅಂದರೆ ಕಂಪನಿಯ ಮೂಲ ಫೈಲಿಗೆ, ವಾಪಸ್ ಹೋದೆ. ಕ್ಲಚ್ ಹಾಕಿಸಿದೆ, ಪ್ಲಗ್ ಬದಲಿಸಿದೆ. ಆಮೇಲೆ ಎರಡನೇ ಸಲ ಟ್ಯೂನರ್ ಹುಡುಕುವಾಗ ಎಷ್ಟು ಪಿಎಸ್ ಕೊಡುತ್ತೀರಿ ಅಂತ ಕೇಳಲಿಲ್ಲ. ನನ್ನ ಲಾಗ್ ಮೊದಲು ಕಳಿಸಿದೆ. ಸಾದಾ ಪೆಟ್ರೋಲ್, ಕರಾವಳಿಯ ಬೇಸಿಗೆ, ಎಸಿ ಹಾಕಿ ನಾಲ್ಕು ಜನ, 600 ಮೀಟರ್ ಹತ್ತಿರದ ಏರು, ಟಾರ್ಕ್ 200 ದಾಟಬಾರದು, ಇದಕ್ಕೆ ಫೈಲ್ ಬರೆಯುತ್ತೀರಾ ಅಂತ ಕೇಳಿದೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು ತಿರುಗಿ ಹತ್ತು ಪ್ರಶ್ನೆ ಕೇಳಿದರು. ಅವರ ಹತ್ತಿರವೇ ಹೋದೆ.

ಅವರು ಬೂಸ್ಟನ್ನು ಬರೀ ಸ್ವಲ್ಪ ಏರಿಸಿದರು. 2,000 ಆರ್‌ಪಿಎಂ ಕೆಳಗೆ ಏನೂ ಮುಟ್ಟಲಿಲ್ಲ. ಅಲ್ಲಿ ಟಾರ್ಕ್ ತುಂಬಿದರೆ ಓಡಿಸಲು ಮಜಾ ಇರುತ್ತದೆ, ಆದರೆ ಸಿಲಿಂಡರಿಗೆ ನೇರ ಪೆಟ್ರೋಲ್ ಚಿಮ್ಮುವ ಸಣ್ಣ ಟರ್ಬೋ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂ, ಜಾಸ್ತಿ ಲೋಡ್ ಇರುವಾಗಲೇ ಕಿಡಿ ಬರುವ ಮೊದಲು ಮಿಶ್ರಣ ಹೊತ್ತಿಕೊಳ್ಳುವ ಅಪಾಯ ಇರುವುದು. ಒಮ್ಮೆ ಜೋರಾಗಿ ಹಾಗಾದರೆ ಪಿಸ್ಟನ್ನೇ ಒಡೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ಬಿಸಿ ಏರಿದಂತೆ ಬೂಸ್ಟ್ ತಾನಾಗಿ ಇಳಿಯುವ ಲೆಕ್ಕವನ್ನು ಕಂಪನಿಯವರು ಇಟ್ಟ ಹಾಗೆಯೇ ಉಳಿಸಿದರು. ಹಳೆಯ ಫೈಲಿನಲ್ಲಿ ಅದನ್ನು ಸಡಿಲ ಮಾಡಿದ್ದರು ಅಂತ ಇವರು ತೆರೆದು ತೋರಿಸಿದರು.

ಈಗ ತಳ್ಳು ಸ್ಟಾಕಿಗಿಂತ ಸ್ವಲ್ಪ ಜಾಸ್ತಿ, 2,300ರಿಂದ 4,500ರವರೆಗೆ. ಘಟ್ಟದಲ್ಲಿ ಬೇಕಾಗುವುದು ಅದೇ ಜಾಗ. ಏಪ್ರಿಲ್‌ನಲ್ಲಿ ಮತ್ತೆ ಲಾಗ್ ಮಾಡಿದೆ. ನಾಕಿಂಗ್‌ಗೆ ಹಿಂದೆ ಹೋಗಿದ್ದು 2 ಡಿಗ್ರಿ ಒಳಗೆ.

ಬೇರೆ ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಹೋಗುವ ಪೈಪ್) ಹಾಕಿ ಸ್ಟೇಜ್ 2 ಮಾಡೋಣ ಅನ್ನುವವರೂ ಸಿಗುತ್ತಾರೆ. ಅದರಲ್ಲಿ ಹೆಚ್ಚಿನವರು ಕ್ಯಾಟ್ (ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದುಹಾಕುತ್ತಾರೆ. ದಿನಾ ಓಡಿಸುವ ಗಾಡಿಗೆ ದಯವಿಟ್ಟು ಬೇಡ. ನಿಮ್ಮ ಹಿಂದೆ ಬೈಕಿನಲ್ಲಿ ಬರುವವರು ಆ ಹೊಗೆ ಕುಡಿಯಬೇಕಾಗುತ್ತದೆ. ಟ್ಯೂನಿಂಗ್ ಬಾಕ್ಸ್ ಬಗ್ಗೆಯೂ ಕೇಳುತ್ತಾರೆ. ಅದು ಸೆನ್ಸರಿನ ಲೆಕ್ಕ ತಪ್ಪಿಸಿ ಇಸಿಯುಗೆ ಸುಳ್ಳು ಹೇಳುತ್ತದೆ, ನಾನು ಹಾಕುವುದಿಲ್ಲ.

ಕಾನೂನಿನ ಮಾತು ಒಂದಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ವಿಮೆಯವರು ಕ್ಲೇಮ್ ಹೊತ್ತಿಗೆ ಇದನ್ನು ಎತ್ತಬಹುದು. ವಾರಂಟಿ ಇದ್ದರೆ ಅದೂ ಹೋಗುತ್ತದೆ. ಇಷ್ಟು ಗೊತ್ತಿದ್ದೂ ಮಾಡಿಸುತ್ತೀರಿ ಅಂದರೆ ಅದು ನಿಮ್ಮ ನಿರ್ಧಾರ, ಮನೆಯಲ್ಲಿ ಆ ಗಾಡಿ ಓಡಿಸುವ ಎಲ್ಲರಿಗೂ ಹೇಳಿ ಮಾಡಿಸಿ.

ಇ20 (ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬಗ್ಗೆ ಕೇಳಿದವರಿಗೆ: ಎಥೆನಾಲ್‌ನಿಂದ ಆಕ್ಟೇನ್ ಏರುತ್ತದೆ, ನಾಕಿಂಗ್‌ಗೆ ಅದು ಒಳ್ಳೆಯದೇ. ಆದರೆ ಲೀಟರಿಗೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ, ಹಾಗಾಗಿ ಇಂಜೆಕ್ಟರ್ ಜಾಸ್ತಿ ಚಿಮ್ಮಬೇಕು. ಟ್ಯೂನ್ ಮಾಡಿದ ಗಾಡಿಯಲ್ಲಿ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಲೆಕ್ಕವನ್ನು ತಾನೇ ಎಷ್ಟು ತಿದ್ದುತ್ತಿದೆ ಅನ್ನುವುದು) ಎಷ್ಟು ಏರಿದೆ ಅಂತ ಒಮ್ಮೆ ನೋಡಿಸಿ. ನಾನು ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಕೇಬಲ್ ಹಾಕಿ ಘಟ್ಟ ಹತ್ತಬೇಕು ಅಂತಿದ್ದೇನೆ. ಅಪ್ಪನನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ.