ಬರ್ಕ್‌ಲಿಯಿಂದ ಮಾಂಟೆರೆಗೆ, ಒಂದು ಅಣಬೆಯ ಜಾಡಿನಲ್ಲಿ

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ, ಅಣಬೆ ಏಳುವುದೂ ಆಗಲೇ. ಡಿಸೆಂಬರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ, ಮೊದಲೇ ಅನುಮತಿ ಕೇಳಿ, ಬರ್ಕ್‌ಲಿಯ ವಿಶ್ವವಿದ್ಯಾಲಯದ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡ, ಅಣಬೆಗಳ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯಕ್ಕೆ, ಹೋದೆವು. ನನಗೆ ನೋಡಬೇಕಿದ್ದದ್ದು ಡೆತ್ ಕ್ಯಾಪ್ ಎಂಬ ಪ್ರಾಣಾಂತಿಕ ಅಣಬೆ. ಶಾಸ್ತ್ರೀಯ ಹೆಸರು ಅಮನಿಟಾ ಫ್ಯಾಲಾಯ್ಡೀಸ್.

ಮೇಜಿನ ಮೇಲೆ ಬಂದದ್ದು ಮಡಿಸಿದ ಕಾಗದದ ಪೊಟ್ಟಣ. ಒಳಗಿದ್ದ ಹೋಳುಗಳು ಸಂಡಿಗೆಯಂತೆ ಮುರುಟಿ ಕಂದಾಗಿದ್ದವು. ಹಸಿ ಅಣಬೆಯ ಹಸಿರು ಛಾಯೆಯ ಟೊಪ್ಪಿಗೆಯಾಗಲಿ, ಬುಡದ ಬಿಳಿ ಚೀಲವಾಗಲಿ ಗುರುತು ಸಿಗುವಂತಿರಲಿಲ್ಲ. ಬೇಯಿಸಿದರೂ ಒಣಗಿಸಿದರೂ ಇದರ ವಿಷ ಇಳಿಯುವುದಿಲ್ಲ. ಏಷ್ಯಾದಿಂದ ಹೋದವರು ಎಳೆಯ ಡೆತ್ ಕ್ಯಾಪನ್ನು ಊರಿನ ಭತ್ತದ ಹುಲ್ಲಿನ ಅಣಬೆಯೆಂದು ತಿಳಿದು ತಿಂದು ಸತ್ತ ಪ್ರಕರಣಗಳಿವೆ. ಅಲ್ಲಿರುವ ನಮ್ಮವರೂ ಇದನ್ನು ತಿಳಿದಿರಬೇಕು.

ಪೊಟ್ಟಣದ ಚೀಟಿಯನ್ನೇ ನಾನು ಹೆಚ್ಚು ಹೊತ್ತು ಓದಿದೆ: ಎಲ್ಲಿ, ಯಾವ ದಿನ, ಯಾವ ಮರದಡಿ, ಯಾರು ಕಿತ್ತರು. ಈ ಅಣಬೆ ಅಮೆರಿಕದ್ದೇ ಅಥವಾ ಯುರೋಪಿನಿಂದ ಬಂದದ್ದೇ ಎಂಬ ಪ್ರಶ್ನೆ ಬಗೆಹರಿದದ್ದು ಇಂಥ ಚೀಟಿಗಳಿಂದ ಮತ್ತು ಅವುಗಳ ಜೊತೆಗಿದ್ದ ಒಣ ಹೋಳುಗಳಿಂದ. ಚೀಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಂಬುವಂತಿರಲಿಲ್ಲ, ಏಕೆಂದರೆ ಅಮನಿಟಾ ಕುಲದ ಅಮೆರಿಕದ ಸ್ವಂತ ಅಣಬೆಗಳನ್ನೂ ಹಿಂದೆ ಫ್ಯಾಲಾಯ್ಡೀಸ್ ಎಂದೇ ಕರೆಯುತ್ತಿದ್ದರು. ಅಂಥದ್ದೊಂದು, ಅಮೆರಿಕದ ಪೂರ್ವ ಭಾಗದ ಅಣಬೆ, ಅಮನಿಟಾ ಬ್ರುನೆಸೆನ್ಸ್ ಎಂಬ ಬೇರೆ ಹೆಸರು ಪಡೆದದ್ದು 1918ರಲ್ಲಿ. ಅಣಬೆ ವಿಜ್ಞಾನಿ ಆನ್ ಪ್ರಿಂಗಲ್ ಮತ್ತು ಸಂಗಡಿಗರು ಹಳೆಯ ಮಾದರಿಗಳನ್ನೂ ಡಿಎನ್‌ಎಯನ್ನೂ ಒರೆಗೆ ಹಚ್ಚಿ, ಪಶ್ಚಿಮ ಕರಾವಳಿಗೆ ಇದು ಹೊರಗಿನಿಂದ ಬಂದದ್ದೆಂದು 2009ರಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಖಚಿತವಾದ ಅತ್ಯಂತ ಹಳೆಯ ಮಾದರಿ 1938ರದು, ಮಾಂಟೆರೆಯ ಹೋಟೆಲ್ ಡೆಲ್ ಮಾಂಟೆಯ ತೋಟದ್ದು. ಮುಂದಿನದು 1945ರಲ್ಲಿ ಇದೇ ಬರ್ಕ್‌ಲಿ ಆವರಣದಲ್ಲಿ ಸಿಕ್ಕಿತು. ಅಂದು ಕಿತ್ತವರು ಸ್ಥಳವನ್ನೂ ವರ್ಷವನ್ನೂ ಬರೆದಿಡದಿದ್ದರೆ ಈ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ.

ಮರುದಿನ ಮಾಂಟೆರೆಗೆ ಹೋದೆವು. ಹಳೆಯ ಹೋಟೆಲು ಈಗ ನೌಕಾಪಡೆಯ ಸ್ನಾತಕೋತ್ತರ ಶಾಲೆಯಾಗಿರುವುದರಿಂದ ಹೊರಗಿನ ರಸ್ತೆಯಲ್ಲಷ್ಟೇ ಸುತ್ತಾಡಿದೆವು. ಊರಿನಲ್ಲಿ ಎತ್ತ ನೋಡಿದರೂ ಲೈವ್ ಓಕ್, ಈ ಕರಾವಳಿಯದೇ ಮರ. ಅಲಂಕಾರದ ಗಿಡಮರಗಳ ಬೇರಿನ ಮಣ್ಣಿನಲ್ಲಿ ಬಂದಿರಬಹುದಾದ ಈ ಅಣಬೆ ಇಂದು ಅದೇ ಓಕ್‌ನ ಬೇರಿನೊಡನೆ ಕೊಡುಕೊಳ್ಳುವ ನಂಟು ಬೆಳೆಸಿಕೊಂಡು ಕಾಡಿಗೂ ಹರಡಿದೆ. ತೋಟದಿಂದ ಕಾಡಿಗೆ ಅದು ದಾಟಿದ ದಾರಿಯನ್ನು ಗುರುತಿಸಲು ಚೀಟಿಯಲ್ಲಿ ಮರದ ಹೆಸರು ಇರಲೇಬೇಕು. ಹಳೆಯ ಎಷ್ಟೋ ಚೀಟಿಗಳಲ್ಲಿ ಆ ಒಂದು ಸಾಲೇ ಇರುವುದಿಲ್ಲ.