ಧರ್ಮತಲಾದಿಂದ ಡಾಲ್‌ಹೌಸಿವರೆಗೆ: ಕೋಲ್ಕತ್ತಾದಲ್ಲಿ ಶ್ರೀರಂಗಪಟ್ಟಣದ ಜಾಡು

ಕೋಲ್ಕತ್ತಾಗೆ ಹೋದವರು ಸಾಮಾನ್ಯವಾಗಿ ವಿಕ್ಟೋರಿಯಾ ಮೆಮೋರಿಯಲ್, ಹೌರಾ ಸೇತುವೆ ನೋಡಿ ಬರುತ್ತಾರೆ. ಮೈಸೂರು ಕಡೆಯವರಾದರೆ ಮೊದಲು ಎಸ್ಪ್ಲನೇಡ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿಯಿರಿ. ಮೇಲೆ ಬಂದರೆ ಧರ್ಮತಲಾ. ಬಸ್ಸುಗಳ ಗದ್ದಲ, ಫುಟ್‌ಪಾತ್ ತುಂಬಾ ಅಂಗಡಿ. ಇವುಗಳ ನಡುವೆ ಸಣ್ಣ ಸಣ್ಣ ಗುಮ್ಮಟಗಳ ಟಿಪ್ಪು ಸುಲ್ತಾನ್ ಮಸೀದಿ.

ಇದನ್ನು ಕಟ್ಟಿಸಿದ್ದು ಟಿಪ್ಪು ಅಲ್ಲ, ಅವನ ಮಗ ಗುಲಾಮ್ ಮೊಹಮ್ಮದ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನಿನ್ನೂ ಪುಟ್ಟ ಮಗು. ಬ್ರಿಟಿಷರು ಟಿಪ್ಪುವಿನ ಮಕ್ಕಳನ್ನೆಲ್ಲ ವೆಲ್ಲೂರು ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಇವರು ದಕ್ಷಿಣದಲ್ಲಿದ್ದರೆ ಅಪಾಯ ಅಂತ ಕಂಪನಿ ಎಲ್ಲರನ್ನೂ ಕಲ್ಕತ್ತೆಗೆ ಸಾಗಿಸಿತು. ಗುಲಾಮ್ ಮೊಹಮ್ಮದ್ ಇಲ್ಲೇ ಬೆಳೆದ, 1842ರಲ್ಲಿ ಈ ಮಸೀದಿ ಕಟ್ಟಿಸಿದ. ಇದರ ಶಿಲಾಫಲಕದಲ್ಲಿ ದೇವರಿಗೆ ಕೃತಜ್ಞತೆ ಇದೆ. ಜೊತೆಗೆ, ಕಂಪನಿಯ ನಿರ್ದೇಶಕರು 1840ರಲ್ಲಿ ಬಾಕಿ ಪಿಂಚಣಿ ಮಂಜೂರು ಮಾಡಿದ್ದರ ನೆನಪಿಗೆ ಅಂತಲೂ ಇದೆ. ಅಪ್ಪ ಯಾರ ವಿರುದ್ಧ ಹೋರಾಡಿ ಸತ್ತನೋ ಅವರಿಗೇ ಮಗನ ಕೃತಜ್ಞತೆ. ನನಗೆ ತುಂಬಾ ಸಂಕಟವಾಯಿತು. ಬೇರೆ ಏನು ದಾರಿಯಿತ್ತು ಅವನಿಗೆ, ಅಲ್ವಾ?

ಅಲ್ಲಿಂದ ಸ್ವಲ್ಪ ನಡೆದರೆ ರಾಜ್ಯಪಾಲರ ನಿವಾಸ. ಕಮಾನಿನ ಮೇಲೆ ಸಿಂಹ, ಒಳಗೆ ದೊಡ್ಡ ಹುಲ್ಲುಹಾಸು. ನಮ್ಮಂಥವರಿಗೆ ಗೇಟಿನಿಂದಲೇ ದರ್ಶನ. ಇದನ್ನು ಕಟ್ಟಿಸಿದವನು ಲಾರ್ಡ್ ವೆಲ್ಲೆಸ್ಲಿ, ಶ್ರೀರಂಗಪಟ್ಟಣದ ಮೇಲೆ ಸೈನ್ಯ ಕಳಿಸಿದ ಅದೇ ಗವರ್ನರ್ ಜನರಲ್. ಕೆಲಸ ಶುರುವಾದದ್ದೂ 1799ರಲ್ಲೇ, ಮುಗಿದದ್ದು 1803ರಲ್ಲಿ. ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲ್ ಎಂಬ ಬಂಗಲೆ ಇದಕ್ಕೆ ಮಾದರಿ. ಅಲ್ಲಿ ನಮ್ಮ ಕೋಟೆ ಹಾಳುಬಿದ್ದ ವರ್ಷವೇ ಇಲ್ಲಿ ಅರಮನೆಗೆ ಪಾಯ ಬಿತ್ತು.

ಪಕ್ಕದಲ್ಲೇ ಸೇಂಟ್ ಜಾನ್ಸ್ ಚರ್ಚ್, 1787ರದ್ದು. ಬಂಗಾಳದ ಹಳೇ ರಾಜಧಾನಿ ಗೌಡ ಪಟ್ಟಣದ ಪಾಳಿನಿಂದ ಕಲ್ಲು ತಂದು ಕಟ್ಟಿದ್ದರಿಂದ ಬಂಗಾಳಿಗಳು ಪಾಥುರೆ ಗಿರ್ಜಾ, ಅಂದರೆ ಕಲ್ಲಿನ ಚರ್ಚ್ ಅನ್ನುತ್ತಿದ್ದರು. ನಾನು ಹುಡುಕಿಕೊಂಡು ಹೋದದ್ದು ಅಂಗಳದ ಮೂಲೆಯ ಎಂಟು ಮೂಲೆಯ ಗೋರಿಗೆ. ಕಂಪನಿಯ ಏಜೆಂಟ್ ಜಾಬ್ ಚಾರ್ನಾಕ್ ಮಲಗಿರುವುದು ಇಲ್ಲೇ. ಅವನೇ ಈ ಊರು ಕಟ್ಟಿದವನು ಎಂದು ಬಹಳ ಕಾಲ ಶಾಲೆಗಳಲ್ಲಿ ಹೇಳಿಕೊಡುತ್ತಿದ್ದರು. ಅದು ಸರಿಯಲ್ಲ ಎಂದು 2003ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು. ಮೊದಲೇ ಹಳ್ಳಿಗಳಿದ್ದ ಜಾಗ ಇದು.

ಗೋರಿಯ ಕಪ್ಪು ಚಪ್ಪಡಿಯನ್ನು ಹತ್ತಿರದಿಂದ ನೋಡಿ. ಮದ್ರಾಸಿನ ಹತ್ತಿರದ ಪಲ್ಲಾವರಂ ಕಡೆಯ ಕಲ್ಲು. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಈ ಚಪ್ಪಡಿಯಿಂದಲೇ ಆ ಜಾತಿಯ ಶಿಲೆಗೆ ಚಾರ್ನೊಕೈಟ್ ಅಂತ ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ಕಲ್ಲು ಇದೆ. ಬಗ್ಗಿ ಮುಟ್ಟಿದೆ, ಸೆಖೆಯಲ್ಲೂ ತಣ್ಣಗಿತ್ತು.

ಮುಂದಿನದು ಡಾಲ್‌ಹೌಸಿ ಚೌಕ. ಹೆಸರು ಬದಲಾಗಿ ಬಿಬಿಡಿ ಬಾಗ್ ಆಗಿದ್ದರೂ ಬಸ್ ಕಂಡಕ್ಟರ್ ಕೂಗುವುದು ಹಳೆಯದನ್ನೇ. ನಡುವೆ ಲಾಲ್ ದಿಘಿ ಕೆರೆ, ಒಂದು ಕಡೆ ಬಿಳಿ ಗುಮ್ಮಟದ ಜಿಪಿಒ. ಬಂಗಾಳದ ನವಾಬ ಸಿರಾಜುದ್ದೌಲ 1756ರಲ್ಲಿ ಗೆದ್ದ ಹಳೇ ಫೋರ್ಟ್ ವಿಲಿಯಂ ಇದ್ದದ್ದು ಇಲ್ಲೇ. ಮೆಟ್ಟಿಲಲ್ಲಿ ಕೂರಿಸಿದ ಹಿತ್ತಾಳೆ ಪಟ್ಟಿ ಕೋಟೆಗೋಡೆಯ ಗುರುತು. ಅಂಚೆ ಕೆಲಸಕ್ಕೆ ಬಂದವರು ಅದನ್ನು ತುಳಿದುಕೊಂಡೇ ಹತ್ತುತ್ತಾರೆ.

ಉತ್ತರಕ್ಕೆ ಉದ್ದಕ್ಕೂ ಕೆಂಪು ರೈಟರ್ಸ್ ಬಿಲ್ಡಿಂಗ್. ಕಂಪನಿಯ ಗುಮಾಸ್ತರಿಗಾಗಿ 1777ರಲ್ಲಿ ಕಟ್ಟಲು ಶುರುಮಾಡಿದ್ದು. 1930ರ ಡಿಸೆಂಬರ್ 8ರಂದು ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಹುಡುಗರು ಸೂಟು ಹಾಕಿಕೊಂಡು ಇಲ್ಲಿಗೆ ನುಗ್ಗಿ, ಜೈಲುಗಳ ಮುಖ್ಯಸ್ಥ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದರು. ಚೌಕಕ್ಕೆ ಈಗಿರುವುದು ಅವರ ಹೆಸರೇ. 2013ರಲ್ಲಿ ದುರಸ್ತಿಗೆಂದು ಇಲ್ಲಿದ್ದ ರಾಜ್ಯ ಸಚಿವಾಲಯ ಹೌರಾದ ನಬಾನ್ನ ಕಟ್ಟಡಕ್ಕೆ ಹೋಯಿತು. ಆ ಮೂವರು ಹೋರಾಡಿದ ವರಾಂಡಾವನ್ನಾದರೂ ಜನರಿಗೆ ತೆರೆಯಬೇಕು.

ಹೋಗುವುದಾದರೆ ವಾರದ ದಿನವೇ ಹೋಗಿ. ಭಾನುವಾರ ರಸ್ತೆ ಖಾಲಿ, ನಿಜ. ಆದರೆ ಆಫೀಸಿನವರ ಜೊತೆ ಫುಟ್‌ಪಾತಿನಲ್ಲಿ ನಿಂತು ಲುಚಿ, ಆಲೂದಮ್ ತಿಂದು, ಮಣ್ಣಿನ ಲೋಟದಲ್ಲಿ ಚಹಾ ಕುಡಿಯುವುದು ತಪ್ಪಿಹೋಗುತ್ತದೆ.