ಪುಯೋ ಹೋಗಿ ಬೀನ್ ಬಂದ ಆಟ

ಭಾನುವಾರ ತಿಂಡಿ ಮುಗಿಸಿ ಕೂತದ್ದು, ಹದಿಮೂರು ಹಂತ ಮುಗಿಯುವ ಹೊತ್ತಿಗೆ ದೀಪ ಹಾಕುವ ಸಮಯವಾಗಿತ್ತು. ಒಂದೇ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದಲ್ಲಿ ಎರಡು ಆಟ. ಒಂದು, ಸೆಗಾ ಕಂಪನಿ ತನ್ನ ಹಳೆಯ ಆಟಗಳನ್ನು ಮತ್ತೆ ತಂದ ಸೆಗಾ ಏಜಸ್ ಸರಣಿಯಲ್ಲಿ 2019ರಲ್ಲಿ ಬಂದ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದ ಹಳೆಯ ‘ಪುಯೋ ಪುಯೋ’. ಇನ್ನೊಂದು, 2021ರ ಅಕ್ಟೋಬರ್‌ನಲ್ಲಿ ಆನ್‌ಲೈನ್ ಚಂದಾದಾರರಿಗೆ ತೆರೆದ, ಸೆಗಾದ ಹಳೆಯ ಮನೆ ಗೇಮ್ ಯಂತ್ರ ಮೆಗಾ ಡ್ರೈವ್‌ನ ಆಟಗಳ ಪಟ್ಟಿಯಲ್ಲಿರುವ ‘ಡಾ. ರೋಬೋಟ್ನಿಕ್ಸ್ ಮೀನ್ ಬೀನ್ ಮೆಷಿನ್’. ಅದರಲ್ಲೊಂದು ಹಂತ, ಇದರಲ್ಲೊಂದು ಹಂತ ಅಂತ ಅದಲು ಬದಲು ಆಡುತ್ತ ಹೋದರೆ ಒಂದು ವಿಷಯ ಕೈಗೇ ಗೊತ್ತಾಗುತ್ತದೆ: ಇವೆರಡೂ ಒಂದೇ ಆಟ, ಮೇಲಿಂದ ಬೀಳುವ ಬಣ್ಣದ ಗುಂಡುಗಳನ್ನು ಜೋಡಿಸಿ ಒಡೆಯುವುದು. ಮುಖ ಬೇರೆ, ಹೆಸರು ಬೇರೆ, ಲೆಕ್ಕ ಒಂದೇ.

ಜಪಾನಿನ ಕಂಪೈಲ್ ಕಂಪನಿ ‘ಪುಯೋ ಪುಯೋ’ವನ್ನು ಮೊದಲು 1991ರಲ್ಲಿ ಎಂಎಸ್‌ಎಕ್ಸ್2 ಕಂಪ್ಯೂಟರಿಗೂ ನಿಂಟೆಂಡೊದ ಫ್ಯಾಮಿಕಾಂ ಡಿಸ್ಕ್‌ಗೂ ತಂದಿತು. ಇಬ್ಬರು ಎದುರುಬದುರು ಆಡುವ ಆರ್ಕೇಡ್ ರೂಪ ಬಂದದ್ದು 1992ರಲ್ಲಿ, ಸೆಗಾ ಜೊತೆಗೂಡಿ. ಅದೇ ವರ್ಷದ ಕೊನೆಗೆ ಮೆಗಾ ಡ್ರೈವ್‌ಗೂ ಬಂತು. ‘ಪುಯೋ ಪುಯೋ’ ಅಂದರೆ ಮೆತ್ತಗೆ ಅದುರುವ ವಸ್ತುವಿಗೆ ಜಪಾನಿಯರ ಅನುಕರಣ ಪದ. ನಮ್ಮ ಲೊಳಲೊಳ, ಪಿಚಪಿಚದ ಜಾತಿಯದು. ತೆರೆಯ ಮೇಲೆ ಆ ಗುಂಡುಗಳು ಬಿದ್ದು ಚಪ್ಪಟೆಯಾಗಿ ಮತ್ತೆ ಉಬ್ಬುವುದನ್ನು ನೋಡಿದರೆ ಆ ಹೆಸರನ್ನು ಬಿಟ್ಟು ಬೇರೆ ಇಡುವುದೇ ಕಷ್ಟ.

ಆದರೂ ಇಟ್ಟರು. ಜಪಾನಿನ ಆಟದಲ್ಲಿ ಆಡುವವಳು ಆರ್ಲೆ ಎಂಬ ಹುಡುಗಿ. ಅವಳೂ, ಅವಳ ಎದುರಾಳಿಗಳಲ್ಲಿ ಬಹುಪಾಲೂ ಕಂಪೈಲ್‌ನದೇ ‘ಮಾದೋ ಮೊನೊಗತಾರಿ’ ಆಟಗಳಿಂದ ಬಂದವರು. ಅಮೆರಿಕದಲ್ಲಿ ಆ ಆಟಗಳ ಪರಿಚಯವೇ ಇರಲಿಲ್ಲ. ಸೆಗಾದ ನೀಲಿ ಮುಳ್ಳುಹಂದಿ ಸೋನಿಕ್ ಮಾತ್ರ ಎಲ್ಲರಿಗೂ ಗೊತ್ತು, ಮೇಲಾಗಿ 1993ರಲ್ಲಿ ಅವನ ಟಿವಿ ಕಾರ್ಟೂನ್ ಶುರುವಾಗಿತ್ತು. ಹಾಗಾಗಿ ಅದೇ ವರ್ಷ ಹೊರಬಂದ ಅಮೆರಿಕದ ಕಾರ್ಟ್ರಿಜ್‌ನಲ್ಲಿ ಪುಯೋಗಳು ಬೀನ್‌ಗಳಾದವು, ಬೀನ್‌ವಿಲ್ ಎಂಬ ಊರು ಹುಟ್ಟಿತು, ಊರವರನ್ನು ಹಿಡಿದು ರೋಬೋಟ್ ಮಾಡುವ ಯಂತ್ರದೊಂದಿಗೆ ಸೋನಿಕ್‌ನ ವೈರಿ ರೋಬೋಟ್ನಿಕ್ ಬಂದ. ಕಾರ್ಟೂನಿನ ಖಾಯಂ ಸೇವಕರಾದ ಕೊಕೊನಟ್ಸ್, ಗ್ರೌಂಡರ್, ಸ್ಕ್ರ್ಯಾಚ್ ನಾಲ್ಕು, ಎಂಟು, ಹನ್ನೆರಡನೇ ಹಂತದಲ್ಲಿದ್ದಾರೆ. ಆರ್ಮ್ಸ್, ಫ್ರಾಂಕ್ಲಿ, ಹಂಪ್ಟಿ ಮುಂತಾದ ಉಳಿದವರು ಕಾರ್ಟೂನಿನ ಒಂದೇ ಒಂದು ಕಂತಿನಲ್ಲಿ ಸುಳಿದುಹೋದ ರೋಬೋಟ್‌ಗಳು. ಅವರಿಗೆ ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಂತ ಸಿಕ್ಕಿದೆ. ಸೋನಿಕ್ ಮಾತ್ರ ಎಲ್ಲೂ ಇಲ್ಲ.

ಪಕ್ಕಪಕ್ಕ ಆಡಿದಾಗ ನನ್ನ ಮನಸ್ಸಿಗೆ ಕೊರತೆಯೆನಿಸಿದ್ದು ಆರ್ಲೆ. ಜಪಾನಿನದರಲ್ಲಿ ಪ್ರತಿ ಪಂದ್ಯಕ್ಕೆ ಮುಂಚೆ ಅವಳಿಗೂ ಎದುರಾಳಿಗೂ ಜಟಾಪಟಿ ನಡೆಯುತ್ತದೆ, ಹಾಸ್ಯಜೋಡಿಯ ಹಾಗೆ. ಬೀನ್ ಆಟದಲ್ಲಿ ಎದುರಾಳಿಯೊಬ್ಬನೇ ಮಾತಾಡುತ್ತಾನೆ, ಈ ಕಡೆ ಉತ್ತರ ಕೊಡಲು ಯಾರೂ ಇಲ್ಲ. ವೇಷ ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಆಡುವವರ ಮುಖವನ್ನೇ ಅಳಿಸಿದ್ದು ನಷ್ಟ.

ಇನ್ನು ಆಟ. ಅಂಗಳ ಆರು ಕಂಬ ಅಗಲ, ಹನ್ನೆರಡು ಸಾಲು ಎತ್ತರ. ಬೀನ್‌ಗಳು ಜೋಡಿಯಾಗಿ ಎಡದಿಂದ ಮೂರನೇ ಕಂಬದ ತಲೆಯಿಂದ ಇಳಿಯುತ್ತವೆ; ಆ ಬಾಯಿ ಮುಚ್ಚಿದರೆ ಸೋಲು. ಕೆಂಪು, ಹಸಿರು, ನೀಲಿ, ಹಳದಿ, ನೇರಳೆ ಐದು ಬಣ್ಣ. ಒಂದೇ ಬಣ್ಣದ ನಾಲ್ಕು ಅಡ್ಡಕ್ಕೋ ಉದ್ದಕ್ಕೋ ತಾಗಿದರೆ ಒಡೆಯುತ್ತವೆ. ಓರೆಯಾಗಿ ತಾಗಿದ್ದು ಲೆಕ್ಕಕ್ಕಿಲ್ಲ. ಮೇಲಿದ್ದವು ಕುಸಿದು ಮತ್ತೆ ನಾಲ್ಕು ಸೇರಿದರೆ ಅದು ಸರಪಳಿ, ಒಂದೊಂದು ಸಲ ಒಡೆಯುವುದೂ ಅದರ ಒಂದೊಂದು ಕೊಂಡಿ. ಅಂಕ ಹೀಗೆ: ಒಡೆದ ಬೀನ್ ಒಂದಕ್ಕೆ ಹತ್ತು, ಅದನ್ನು ಸರಪಳಿಯ ಗುಣಕದಿಂದ ಗುಣಿಸಬೇಕು. ಎರಡನೇ ಕೊಂಡಿಗೆ 8, ಮೂರನೆಯದಕ್ಕೆ 16, ನಾಲ್ಕನೆಯದಕ್ಕೆ 32. ನಾಲ್ಕು ನಾಲ್ಕೇ ಒಡೆದರೂ 40, 320, 640, 1280. ಒಟ್ಟು 2280. ಎದುರಾಳಿಯ ತಲೆ ಮೇಲೆ ಬೀಳುವ ಕಸ, ಅಂದರೆ ಅಡ್ಡಿಯ ಬೀನ್‌ಗಳು, ಈ ಅಂಕಕ್ಕೆ ತಕ್ಕಷ್ಟು. ಎರಡು ಕೊಂಡಿಗೆ ಒಂದು ಸಾಲೂ ಪೂರ್ತಿಯಿಲ್ಲ, ಮೂರಕ್ಕೆ ಎರಡು ಸಾಲಿನ ಮೇಲೆ ಸ್ವಲ್ಪ, ನಾಲ್ಕಕ್ಕೆ ಐದು ಸಾಲು. ಅದಕ್ಕೇ ಒಂದೊಂದೇ ಗುಂಪು ಒಡೆಯುತ್ತ ಕೂತವರು ಕೊಕೊನಟ್ಸ್ ದಾಟುವುದರೊಳಗೆ ಸುಸ್ತಾಗುತ್ತಾರೆ.

ನಾಲ್ಕು ಕೊಂಡಿಯ ಸರಪಳಿಗೆ ಮೆಟ್ಟಿಲು ಕಟ್ಟುವುದು ಎಲ್ಲಕ್ಕಿಂತ ಸುಲಭ. ಬಲ ತುದಿಯ ಆರನೇ ಕಂಬದಲ್ಲಿ ಮೂರು ಕೆಂಪು. ಐದನೆಯದರಲ್ಲಿ ಮೂರು ಹಸಿರು, ಅದರ ತಲೆ ಮೇಲೆ ಒಂದು ಕೆಂಪು. ನಾಲ್ಕನೆಯದರಲ್ಲಿ ಮೂರು ನೀಲಿ, ಮೇಲೊಂದು ಹಸಿರು. ಮೂರನೆಯದರಲ್ಲಿ ಮೂರು ಹಳದಿ, ಮೇಲೊಂದು ನೀಲಿ. ಈಗ ಎರಡನೇ ಕಂಬಕ್ಕೆ ಒಂದು ಹಳದಿ ಬಿಟ್ಟರೆ ಹಳದಿ ಒಡೆದು ನೀಲಿ ಇಳಿಯುತ್ತದೆ, ನೀಲಿ ಒಡೆದು ಹಸಿರು, ಹಸಿರು ಒಡೆದು ಕೆಂಪು. ಹದಿನಾರು ಬೀನ್, ಎಂಟು ಜೋಡಿ. ಬಣ್ಣ ಅಷ್ಟು ಸರಿಯಾಗಿ ಎಂದೂ ಒದಗುವುದಿಲ್ಲ, ಹೆಚ್ಚಾದದ್ದನ್ನೆಲ್ಲ ಒಂದನೇ ಕಂಬಕ್ಕೆ ತಳ್ಳಬೇಕು. ಬಲದಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ಜೋಡಿ ಇಳಿಯುವ ಮೂರನೇ ಕಂಬದಿಂದ ಬಲ ತುದಿಗೆ ಮೂರು ಹೆಜ್ಜೆ, ಎರಡನೇ ಕಂಬಕ್ಕೆ ಒಂದೇ ಹೆಜ್ಜೆ. ಅಂಗಳ ಖಾಲಿಯಿದ್ದಾಗ ದೂರದ್ದನ್ನು ಕಟ್ಟಿ ಮುಗಿಸಿದರೆ, ಅವಸರದಲ್ಲಿ ಕಿಡಿ ಹಚ್ಚುವ ಜಾಗ ಪಕ್ಕದಲ್ಲೇ ಇರುತ್ತದೆ.

ಸ್ಕ್ರ್ಯಾಚ್‌ನ ಹಂತದಲ್ಲಿ ಇದೇ ಮೆಟ್ಟಿಲು ಕೆಟ್ಟಿತು. ನಾಲ್ಕನೇ ಕಂಬದಲ್ಲಿ ಇನ್ನೂ ಎರಡೇ ನೀಲಿ. ಮೂರನೆಯದು ಬರುವ ಮೊದಲೇ ಹಸಿರು ಅದರ ಮೇಲೆ ಕೂತಿತು. ಈಗ ಆ ಹಸಿರು ಇರುವುದು ಮೂರನೇ ಸಾಲಿನಲ್ಲಿ, ಪಕ್ಕದ ಮೂರು ಹಸಿರಿಗೆ ನೇರ ತಾಗಿ. ನಾಲ್ಕೂ ಒಡೆದವು, ಮೇಲಿದ್ದ ಕೆಂಪು ಇಳಿದು ಬಲತುದಿಯ ಮೂರು ಕೆಂಪನ್ನೂ ಕರೆದೊಯ್ದಿತು. ನಾಲ್ಕು ಕೊಂಡಿಯಾಗಬೇಕಿದ್ದದ್ದು ಎರಡಕ್ಕೆ ಮುಗಿಯಿತು, 2280ರ ಜಾಗದಲ್ಲಿ 360. ಒಂದು ಕಂಬ ಮೂರಕ್ಕೆ ಏರುವ ತನಕ ಅದರ ಮೇಲಿನ ಬೀನ್ ಇಡಬಾರದು. ಆ ಬಣ್ಣ ಮೊದಲೇ ಬಂದರೆ ಒಂದನೇ ಕಂಬಕ್ಕೆ ಹಾಕಿ ಮರೆತುಬಿಡಬೇಕು. ಸ್ವಿಚ್‌ನ ಮೆಗಾ ಡ್ರೈವ್ ಪಟ್ಟಿಯಲ್ಲಿ ಆಟವನ್ನು ಹಿಂದಕ್ಕೆ ಸುತ್ತುವ ಸೌಲಭ್ಯವಿದೆ. ಗೆಲ್ಲುವುದಕ್ಕಿಂತ, ಸರಪಳಿ ಎಲ್ಲಿ ಕಡಿಯಿತು ಅಂತ ನೋಡುವುದಕ್ಕೆ ಅದು ಬಹಳ ಉಪಯೋಗ.

1994ರಲ್ಲಿ ಬಂದ ಮುಂದಿನ ಭಾಗ ‘ಪುಯೋ ಪುಯೋ ತ್ಸು’ ಆಡಿ ಬಂದವರು ಇಲ್ಲಿ ಇನ್ನೆರಡು ಕಡೆ ಎಡವುತ್ತಾರೆ. ಅದರಲ್ಲಿ ನಮ್ಮ ಸರಪಳಿ ನಮ್ಮ ಕಡೆಗೆ ಬರುತ್ತಿರುವ ಕಸವನ್ನು ಕಳೆಯುತ್ತದೆ. ಇದರಲ್ಲಿ ಕಳೆಯುವುದಿಲ್ಲ, ಬರಬೇಕಾದದ್ದು ಬಂದೇ ಬೀಳುತ್ತದೆ. ಹಾಗಾಗಿ ದೊಡ್ಡದಕ್ಕೆ ಕಾಯುವುದಕ್ಕಿಂತ ಮೊದಲು ಹೊಡೆಯುವುದೇ ಲೇಸು. ಎರಡನೆಯದು, ಅಕ್ಕಪಕ್ಕ ಗೋಡೆಯಿರುವ ಒಂಟಿ ಕಂಬದ ಸಂದಿನಲ್ಲಿ ಜೋಡಿ ತಲೆಕೆಳಗಾಗುವುದಿಲ್ಲ. ಯಾವ ಬಣ್ಣ ಕೆಳಗೆ ಅನ್ನುವುದನ್ನು ಸಂದಿಗೆ ಇಳಿಯುವ ಮೊದಲೇ ತಿರುಗಿಸಿ ಇಟ್ಟುಕೊಳ್ಳಬೇಕು. ಈ ಎರಡು ಬಿಗಿಗಳೂ 1992ರ ಮೂಲ ಆಟದವು, ವೇಷ ಬದಲಿಸಿದವರು ಸೇರಿಸಿದವಲ್ಲ.

ಕಸಕ್ಕೆ ಜಪಾನಿನಲ್ಲಿ ‘ಒಜಾಮಾ’, ಅಂದರೆ ಅಡ್ಡಿ. ಅಮೆರಿಕದವರು ಅದನ್ನು ನಿರಾಶ್ರಿತ ಬೀನ್ ಅಂತ ಕರೆದರು. ಅದು ತಾನಾಗಿ ಒಡೆಯದು, ಪಕ್ಕದಲ್ಲಿ ಬಣ್ಣದ್ದು ಒಡೆದರೆ ಜೊತೆಗೆ ಹೋಗುತ್ತದೆ. ಒಂದು ಸಲಕ್ಕೆ ಬೀಳುವುದು ಹೆಚ್ಚೆಂದರೆ ಮೂವತ್ತು, ಐದು ಸಾಲು. ಕಟ್ಟಿ ಮುಗಿದ ಮೆಟ್ಟಿಲ ಮೇಲೆ ಎರಡು ಸಾಲು ಬಿದ್ದರೂ ಹೆದರಬೇಕಿಲ್ಲ. ಎರಡನೇ ಕಂಬ ಖಾಲಿಯಿದ್ದರೆ ಮೂರನೇ ಸಾಲಿನಲ್ಲಿ ಕೂರುವ ಹಳದಿ ಇನ್ನೂ ಹಳದಿಗೆ ತಾಗುತ್ತದೆ. ಮೂರು ಸಾಲು ಬಿದ್ದರೆ ಆ ಹಳದಿ ನಾಲ್ಕಕ್ಕೇರಿ ನೀಲಿಯ ಪಕ್ಕ ಕೂರುತ್ತದೆ, ಕಿಡಿ ಹತ್ತುವುದಿಲ್ಲ.

ಹದಿಮೂರನೇ ಹಂತದಲ್ಲಿ ರೋಬೋಟ್ನಿಕ್ ಎದುರು ಕೂತಾಗ ಆದದ್ದೂ ಇಷ್ಟೇ. ಬೀನ್‌ಗಳು ಸುರಿಯುವ ವೇಗಕ್ಕೆ ಯೋಚಿಸಲು ಸಮಯವಿಲ್ಲ. ಬಲಕ್ಕೆ ಮೂರು ಹೆಜ್ಜೆ ಒತ್ತುವುದರೊಳಗೆ ಜೋಡಿ ನೆಲ ಮುಟ್ಟಿರುತ್ತದೆ. ಮೆಟ್ಟಿಲು ಮುಗಿಯಿತು, ಹಳದಿ ಬರಲಿಲ್ಲ. ಅವನ ಕಡೆಯಿಂದ ಒಂದು ಸಾಲು ಬಿತ್ತು, ನೇರಳೆ ಜೋಡಿಯೊಂದನ್ನು ಒಂದನೇ ಕಂಬಕ್ಕೆ ನಿಲ್ಲಿಸಿದೆ, ಮತ್ತೊಂದು ಸಾಲು ಬಿತ್ತು. ಆಮೇಲೆ ಬಂದದ್ದು ಹಳದಿ–ನೇರಳೆ. ಹಳದಿಯನ್ನು ಕೆಳಗೆ ಮಾಡಿ ಎಡಕ್ಕೆ ಒಂದು ಹೆಜ್ಜೆ. ಎರಡು ಸಾಲು ಕಸದ ಮೇಲೆ, ಮೂರನೇ ಸಾಲಿನಲ್ಲಿ ಕೂತಿತು. ನಾಲ್ಕು ಕೊಂಡಿ ಒಂದರ ಹಿಂದೊಂದು ಒಡೆದವು, ಅವನ ಅಂಗಳದ ಮೂರನೇ ಕಂಬ ಬಾಯಿವರೆಗೆ ತುಂಬಿತು.